ಹೊಟ್ಟಿನ ಗುಡ್ಡ

ಗೋಣಿಚೀಲದ ಮೇಲೆ ಕುಳಿತ ದುರುಗಮ್ಮ ಭತ್ತದ ಹೊಟ್ಟಿನ ಗುಡ್ಡದಿಂದ ಜಾರಿದಳು. ಎರಡು ಉಬ್ಬು ಹಾರಿ, ತಿರುವಿನಲ್ಲಿ ಜೊತೆಗಾತಿ ಗೋಪಮ್ಮನನ್ನು ಹಿಂದೆ ಹಾಕಿ, ನಗುತ್ತ ಕೆಳಗೆ ಬಂದಾಗ ಎದುರಿಗೆ ರೈಸ್ ಮಿಲ್ಲಿನ ಮಾಲೀಕರ ಹೆಂಡತಿ ಮಹಾಂತಮ್ಮ ನಿಂತಿದ್ದರು. ಕೆಲಸ ಹೋಯಿತು ಅಂದುಕೊಂಡಳು ದುರುಗಮ್ಮ.

"ತಪ್ಪಾತ್ರಿ ಅವ್ವಾರ. ಊಟದ ಬಿಡುವಿತ್ತು, ಅದಕ್ಕ..."

"ಅಂಜಿಕಿ ಆಗೂದಿಲ್ಲೇನು?" ಮಹಾಂತಮ್ಮ ಮೆಲ್ಲಗೆ ಕೇಳಿದರು.

"ಮೊದಲ್ನೇ ಉಬ್ಬಿಗೆ ಆಗ್ತದ್ರಿ. ಆಮ್ಯಾಲ ಬರೇ ನಗಿ ಬರ್ತದ."

ಮಹಾಂತಮ್ಮ ಒಮ್ಮೆ ಮನೆಯ ಕಡೆ ತಿರುಗಿ ನೋಡಿದರು. ಸೆರಗು ಸಿಕ್ಕಿಸಿಕೊಂಡು ದುರುಗಮ್ಮನ ಜೊತೆ ಗುಡ್ಡ ಹತ್ತಿ, ಅದೇ ಚೀಲದ ಮೇಲೆ ಅವಳ ಹಿಂದೆ ಕುಳಿತರು. ಇಷ್ಟು ವರ್ಷ ಅವಳ ಬೊಗಸೆಗೆ ನೀರನ್ನು ಮೇಲಿನಿಂದಲೇ ಸುರಿಯುತ್ತಿದ್ದ ಕೈಗಳು ಈಗ ಅವಳ ನಡುವನ್ನು ಗಟ್ಟಿಯಾಗಿ ತಬ್ಬಿದವು.

"ಕೈ ಬಿಡಬ್ಯಾಡ್ರಿ," ಅಂದಳು ದುರುಗಮ್ಮ.

"ಬಿಡೂದಿಲ್ಲ. ನಡಿ, ದುರುಗವ್ವಾ!"