ಎರಡನೇ ಸಾಕ್ಷಿ

ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮನನ್ನು ಉಯಿಲು ಬರೆಸಲು ವಕೀಲರ ಕಚೇರಿಗೆ ಕರೆತಂದವನು ಅವನೇ. ಹನ್ನೊಂದು ವರ್ಷದಿಂದ ಅವರ ಆಸ್ಪತ್ರೆ, ಬ್ಯಾಂಕು, ಗ್ಯಾಸು ಎಲ್ಲ ಅವನ ತಲೆಯ ಮೇಲೇ. ಮೊದಮೊದಲು ಪ್ರೀತಿಯಿತ್ತು, ಆಮೇಲೆ ಬೇಸರವಿತ್ತು. ಈಗ ಎರಡೂ ಇರಲಿಲ್ಲ. ಕರೆದರೆ ಬರುತ್ತಿದ್ದ, ಅಷ್ಟೆ. ತಮ್ಮಿಬ್ಬರ ಕಾಲ ಮುಗಿದ ಮೇಲೆ ಮನೆ ಯಾರಿಗೆ ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ರುಜು ಹಾಕಿದರು. ಪಕ್ಕದ ಮನೆಯ ಮೇಷ್ಟ್ರು ಮೊದಲನೇ ಸಾಕ್ಷಿಯಾದರು.

“ಇನ್ನೊಬ್ಬರು ಬೇಕು,” ಎಂದರು ವಕೀಲರು.

ತಾನಾಗಿ ಮುಂದೆ ಬಿದ್ದರೆ ಚೆನ್ನಾಗಿರುವುದಿಲ್ಲ ಎಂದುಕೊಂಡು ಅವನು, “ಸುಬ್ಬಕ್ಕನೇ ಹಾಕಲಿ ಬಿಡಿ ಸಾರ್,” ಎಂದ. ದೊಡ್ಡಮ್ಮನ ತೋಳು ಹಿಡಿದು ನಿಂತಿದ್ದ ಅಡುಗೆಯ ಸುಬ್ಬಕ್ಕ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.

“ಅವರು ಬೇಡ. ನೀವು ಹಾಕಿ,” ಎಂದರು ವಕೀಲರು ಅವನಿಗೆ.

“ಹಾಕಪ್ಪ,” ಎಂದರು ದೊಡ್ಡಪ್ಪ. “ನಿನ್ನ ಬಿಟ್ಟರೆ ನಮಗೆ ಇನ್ಯಾರಿದ್ದಾರೆ?”

ಸುಬ್ಬಕ್ಕ ಪೆನ್ನು ಕೆಳಗಿಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು. ಎಷ್ಟೋ ವರ್ಷದ ಮೇಲೆ ಅವನ ಎದೆಯೊಳಗೆ ಏನೋ ಸ್ವಲ್ಪ ಬೆಚ್ಚಗಾಯಿತು. ನಿಧಾನವಾಗಿ, ಅಕ್ಷರ ಬಿಡಿಸಿ ರುಜು ಹಾಕಿದ.

ಎಲ್ಲರೂ ಕಾರಿನತ್ತ ಹೊರಟ ಮೇಲೆ, ಪಾಪ ಅನ್ನಿಸಿ ಕೇಳಿದ: “ಸುಬ್ಬಕ್ಕ ಯಾಕೆ ಬೇಡ ಅಂದ್ರಿ ಸಾರ್? ಅವಳಿಗೂ ರುಜು ಹಾಕೋಕೆ ಬರುತ್ತೆ.”

ವಕೀಲರು ಲಕೋಟೆಗೆ ಅಂಟು ಹಚ್ಚುತ್ತಿದ್ದರು.

“ಬರುತ್ತೆ, ಗೊತ್ತು. ಆಸ್ತಿ ಯಾರ ಹೆಸರಿಗೆ ಹೋಗುತ್ತೋ ಅವರ ಕೈಲಿ ನಾನು ಸಾಕ್ಷಿ ಹಾಕಿಸೋದಿಲ್ಲ.”