ಗರಿಯ ರುಚಿ

ಹಸ್ತಪ್ರತಿ ಭಂಡಾರದಲ್ಲಿ ಓಲೆಗರಿಗಳನ್ನು ಓದುವುದು ನಿಂತು ನೆಕ್ಕುವುದು ಶುರುವಾಗಿ ಹತ್ತು ವರ್ಷವಾಗಿತ್ತು. ಬರೆದವನ ಮನಸ್ಸಿನಲ್ಲಿದ್ದದ್ದು ನೆಕ್ಕಿದವರ ನಾಲಿಗೆಗೆ ರುಚಿಯಾಗಿ ಬರುತ್ತಿತ್ತು. ರಾಜನ ಶೌರ್ಯವನ್ನು ಹಾಡಿ ಹೊಗಳಿದ ಗರಿಗೆ ನಾಲಿಗೆ ತಾಗಿಸಿದ್ದೇ ಸಂಶೋಧಕಿ ನೀಲಾಂಬಿಕೆ ಥೂ ಎಂದು ಉಗುಳಿದಳು. ಹಳಸಿದ ಎಂಜಲಿನ ರುಚಿ!

“ಸಾರ್, ಈ ರಾಜನ್ನ ಕಂಡ್ರೆ ಕವಿಗೆ ವಾಕರಿಕೆ ಬರ್ತಿತ್ತು. ವರದೀಲಿ ಬೀಭತ್ಸ ರಸ ಅಂತ ಬರೀಲಾ?”

ನಿರ್ದೇಶಕ ಶಾಂತವೀರಪ್ಪ ತಲೆ ಎತ್ತಲೇ ಇಲ್ಲ. “ವೀರರಸ ಅಂತ ಬರೀರಮ್ಮ. ನಾಳೆ ಮಂತ್ರಿಗಳು ಅದೇ ರಾಜನ ಪ್ರತಿಮೆ ಅನಾವರಣ ಮಾಡ್ತಾರೆ. ನಿಮ್ಮ ಕೆಲಸ ಖಾಯಂ ಮಾಡೋ ಫೈಲೂ ಅವರ ಹತ್ರಾನೇ ಇದೆ.”

ನೀಲಾಂಬಿಕೆ ಮೂರು ಸಲ ಬಾಯಿ ಮುಕ್ಕಳಿಸಿ ಬಂದು, ದುಂಡಗೆ ‘ವೀರರಸ’ ಎಂದು ಬರೆದಳು. ಆಮೇಲೆ ಅಭ್ಯಾಸಬಲದಿಂದ ತನ್ನ ವರದಿಯನ್ನೇ ಒಮ್ಮೆ ನೆಕ್ಕಿದಳು.

ಅದೇ ಹಳಸಿದ ಎಂಜಲು.