ಗಳ ಎಣಿಸುವ ಕೆಲಸ

ಕೊನೆಗೂ ಸಾರ್ವಜನಿಕರು ಬಂದರು. ವಯಸ್ಸು ಒಂಬತ್ತು, ಎರಡು ಜಡೆ, ಕಾಲಿಗೆ ಯಾರೋ ದೊಡ್ಡವರ ಬೂಟು.

ಚರ್ಚಿನ ನೆಲಮಾಳಿಗೆಯಲ್ಲಿ ಸೇಬಿನ ಪೈ ಕೊಯ್ಯುತ್ತಿದ್ದ ಆರ್ಡೆಲಾಳ ಕೈ ಹಾಗೇ ನಿಂತಿತು. ಮಕ್ಕಳನ್ನು ಹೊಡೆಯುವ, ಹಸಿವಿನಲ್ಲಿಡುವ ಮನೆಗಳ ತನಿಖೆಯನ್ನು ಇಲಾಖೆಯವರು ನೆಟ್ಟಗೆ ಮಾಡುತ್ತಾರೋ ಇಲ್ಲವೋ ಊರಿನವರೇ ನೋಡಿಕೊಳ್ಳಲಿ ಎಂದು ಸರ್ಕಾರ ಮಾಡಿದ ಸಮಿತಿ ಅವರದು. ಆರ್ಡೆಲಾ ಅಧ್ಯಕ್ಷೆ, ಕ್ಷೌರದಂಗಡಿಯ ಹೋಬಾರ್ಟ್ ಸದಸ್ಯ. ಸಭೆಯಿದ್ದಾಗೆಲ್ಲ ‘ಸಾರ್ವಜನಿಕರು ಬಂದು ಅಹವಾಲು ಹೇಳಬಹುದು’ ಎಂದು ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು. ಕೆಂಟಕಿಯ ಆ ಬೆಟ್ಟದ ಊರಿನಲ್ಲಿ ಇನ್ನೊಬ್ಬರ ಮನೆಯ ಮಾತಾಡಲು ಒಂದು ನರಪಿಳ್ಳೆಯೂ ಬಂದದ್ದಿಲ್ಲ. ಸಮಿತಿ ಪ್ರಾರ್ಥನೆ ಮಾಡಿ, ಪೈ ತಿಂದು, ‘ಕುಂದುಕೊರತೆ ಇಲ್ಲ’ ಎಂದು ರಾಜಧಾನಿಗೆ ಬರೆದು ಏಳುತ್ತಿತ್ತು.

“ಸಾರ್ವಜನಿಕರು ಅಂದ್ರೆ ನಾನೂನಾ ಅಜ್ಜಿ?”

“ನೀನೂ ಹೌದು ತಾಯಿ. ಯಾರ ಮಗಳು?”

“ಟ್ಯಾನ್ಸಿ. ಅಪ್ಪ ಅಮ್ಮ ಇಲ್ಲ. ಅರ್ಲಿಸ್ ಚಿಕ್ಕಪ್ಪನ ಮನೇಲಿರೋದು, ನಾನೂ ತಂಗೀನೂ.” ಹುಡುಗಿ ಮೂಲೆಯಲ್ಲಿ ಪೈ ತಿನ್ನುತ್ತಿದ್ದ ತನಿಖಾಧಿಕಾರಿ ಎಸ್ಟಿಲ್‌ನತ್ತ ಬೆರಳು ಮಾಡಿದಳು. “ಇವರ ಮೇಲೆ ದೂರು ಇದೆ.”

ಕೆಲಸಕ್ಕೆ ಸೇರಿದಾಗ ಎಸ್ಟಿಲ್ ಕಡ್ಡಿಯಂತಿದ್ದ. ಈಗ ಒಂದು ಕುರ್ಚಿ ಸಾಲುತ್ತಿರಲಿಲ್ಲ. “ನನ್ಮೇಲಾ? ಏನ್ ಪುಟ್ಟಿ?”

“ನೀವು ನಮ್ಮನೆಗೆ ಬರೋದೇ ಕಮ್ಮಿ. ವಾರಾ ವಾರಾ ಬರ್ಬೇಕು.”

ಹೋಬಾರ್ಟ್ ತೊಡೆ ತಟ್ಟಿ ನಕ್ಕ. “ಅಧಿಕಾರಿ ಬರ್ಲಿ ಅಂತ ಅರ್ಜಿ ಹಾಕೋರನ್ನ ಇದೇ ಮೊದ್ಲು ನೋಡಿದ್ದು! ಎಸ್ಟಿಲ್, ನಿಂಗೊಂದು ಸನ್ಮಾನ ಮಾಡ್ಬೇಕು ಕಣೋ.”

ಎಸ್ಟಿಲ್ ನಾಚಿ ಕೆಂಪಾದ. “ಆ ಮನೆ ಮಕ್ಳು ಅಂದ್ರೆ ಮಕ್ಳು, ಅಮ್ಮಾ. ಬನ್ನಿ, ಉಣ್ಣಿ ಅಂತ ಎಷ್ಟು ಕರೆದ್ರೂ ಬರಲ್ಲ. ಚಿಕ್ಕದಂತೂ ನನ್ನ ಕುರ್ಚಿ ಹಿಂದೆ ಕೈ ಕಟ್ಕೊಂಡು ನಿಂತು ‘ನಮ್ಮದಾಯ್ತು’ ಅನ್ನುತ್ತೆ. ಅಂಥಾ ನಡತೆ!”

ಆರ್ಡೆಲಾ ಚಾಕು ಕೆಳಗಿಟ್ಟಳು. “ಇವ್ನು ಬಂದ್ರೆ ಏನಾಗುತ್ತೆ ಮಗಾ?”

“ಹಿಂದಿನ ದಿನ ಫೋನ್ ಬರುತ್ತೆ. ಚಿಕ್ಕಪ್ಪ ಪೇಟೆಗೆ ಹೋಗ್ತಾರೆ. ಕೋಳಿ ಬರುತ್ತೆ, ಹಾಲು ಬರುತ್ತೆ. ಇವ್ರು ತಿಂದು ಬಿಟ್ಟಿದ್ದು ನಮ್ಗೆ. ಹೋದ್ಸಲ ಒಂದೊಂದು ರೆಕ್ಕೆ ಸಿಕ್ತು.”

“ಬರದೇ ಇದ್ದ ದಿನ?”

ಟ್ಯಾನ್ಸಿ ಬೂಟು ನೋಡಿಕೊಂಡಳು. “ನಂಗೆ ಸ್ಕೂಲಲ್ಲಿ ಊಟ ಕೊಡ್ತಾರೆ. ತಂಗಿ ಇನ್ನೂ ಸ್ಕೂಲಿಗೆ ಹೋಗಲ್ಲ.”

ಹೋಬಾರ್ಟನ ನಗು ಇಂಗಿಹೋಯಿತು. ಎಸ್ಟಿಲ್ ತಡವರಿಸಿದ. “ಎಲ್ಲ ಸರಿಯಾಗಿದ್ಯಾ ಅಂತ ನಾನು ಕೇಳಿದ್ನಲ್ಲಮ್ಮಾ ನಿನ್ನ?”

“ಹೊರಡೋವಾಗ ಕೇಳಿದ್ರಿ. ಆಗ ರೆಕ್ಕೆ ಬಾಯಲ್ಲಿತ್ತು. ತಲೆ ಆಡ್ಸಿದೆ.”

“ಎದ್ದು ಮನೆ ಒಂದು ಸುತ್ತು ನೋಡ್ಲಿಲ್ವೇನೋ?” ಎಂದಳು ಆರ್ಡೆಲಾ.

“ಉಂಡ ಮನೆ ಗಳ ಎಣಿಸ್ಬಾರ್ದು ಅಂತ ಭಾನುವಾರದ ಪಾಠದಲ್ಲಿ ನೀವೇ ಹೇಳ್ಕೊಟ್ಟಿದ್ದಲ್ವಾ ಅಮ್ಮಾ?”

“ಗಳ ಎಣಿಸೋಕೇ ಕಣೋ ನಿಂಗೆ ಸಂಬಳ!”

ಗದರಿಸಿದಳೇನೋ ಸರಿ, ದನಿ ಅರ್ಧಕ್ಕೇ ಬಿದ್ದುಹೋಯಿತು. ಆ ಬೆಟ್ಟದಲ್ಲಿ ದಾರಿಯ ತಿರುವಿನಲ್ಲೇ ನಿಂತು ಒಂದು ಕೂಗು ಹಾಕದೆ ಯಾರ ಮನೆಗೂ ಹೋಗುವಂತಿಲ್ಲ, ಹೋದ ಮೇಲೆ ಉಣ್ಣದೆ ಏಳುವಂತಿಲ್ಲ. ಸಮಿತಿ ಇಷ್ಟು ವರ್ಷಗಳಲ್ಲಿ ಇಲಾಖೆಗೆ ಕೊಟ್ಟದ್ದು ಒಂದೇ ಒಂದು ಸಲಹೆ: ತನಿಖೆಗೆ ಹೋಗುವವರು ಮೊದಲೇ ತಿಳಿಸಿ ಹೋಗಲಿ, ಮರ್ಯಾದೆ ಇರಲಿ. ಅದು ಅಧ್ಯಕ್ಷೆಯದೇ ಸಲಹೆ. ಇಲಾಖೆ ಚಾಚೂ ತಪ್ಪದೆ ಪಾಲಿಸಿತ್ತು.

ಆರ್ಡೆಲಾ ಪೈ ಬಟ್ಟಲಿಗೆ ಬಟ್ಟೆ ಮುಚ್ಚಿ ಕಂಕುಳಿಗೇರಿಸಿದಳು. “ಏಳಿ.”

“ಎಲ್ಲಿಗೆ?” ಎಂದ ಹೋಬಾರ್ಟ್.

“ಸಾರ್ವಜನಿಕರು ಕರೀತಿದಾರೆ. ಲೋ ಎಸ್ಟಿಲ್, ಆ ಫೋನ್ ಮುಟ್ಟಿದ್ಯೋ, ಕೈ ಮುರೀತೀನಿ.”

ಅರ್ಲಿಸ್‌ನ ಮನೆಯ ತಿರುವಿಗೆ ಬಂದದ್ದೇ ತಡ, ಮೂವರ ಬಾಯಿಯೂ ತಾನಾಗಿ ತೆರೆದುಕೊಂಡಿತು. ಟ್ಯಾನ್ಸಿ ತಿರುಗಿ ತುಟಿಗೆ ಬೆರಳಿಟ್ಟಳು. ಗಂಟಲಿಗೆ ಬಂದ ಕೂಗನ್ನು ನುಂಗಲಾರದೆ ಆರ್ಡೆಲಾ ಬಾಯಿಪಾಠದ ಸ್ತೋತ್ರವೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿದಳು. ಹುಟ್ಟಿದ ಮೇಲೆ ಇಷ್ಟು ಕಳ್ಳಿಯಂತೆ ಅವಳು ಎಲ್ಲಿಗೂ ಹೋದವಳಲ್ಲ.

ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ ಅರ್ಲಿಸ್ ಗಡಬಡಿಸಿ ಎದ್ದ. “ಏನ್ರೀ ಇದು? ಹೇಳದೆ ಕೇಳದೆ ನುಗ್ಗೋದಾ? ಎಸ್ಟಿಲ್, ಒಂದು ಫೋನ್ ಮಾಡೋಕಾಗ್ಲಿಲ್ವಾ? ಮಾನ ಮರ್ಯಾದೆ ಇರೋ ಜನ ಹೀಗ್ ಬರ್ತಾರಾ?”

ಮೂವರೂ ತಲೆ ತಗ್ಗಿಸಿದರು. ಹೋಬಾರ್ಟ್ ಅಭ್ಯಾಸಬಲದಿಂದ “ತಪ್ಪಾಯ್ತು” ಎಂದೂ ಅಂದುಬಿಟ್ಟ. ಟ್ಯಾನ್ಸಿ ಮಾತ್ರ ಅವರನ್ನು ದಾಟಿ ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ದೀಪ ಹತ್ತಿತು. ಬೆಳಕಿನಲ್ಲಿ ಒಂದೇ ಒಂದು ಡಬ್ಬಿ ಇತ್ತು. ಎಸ್ಟಿಲ್ ಮುಚ್ಚಳ ತೆಗೆದ. ಮೀನಿನ ಗಾಳಕ್ಕೆ ಸಿಕ್ಕಿಸುವ ಎರೆಹುಳುಗಳು ಕೊಬ್ಬಿ, ನಲಿದಾಡುತ್ತಿದ್ದವು.

ಅಷ್ಟರಲ್ಲಿ ಒಳಗಿಂದ ಬಂದ ಪುಟ್ಟ ತಂಗಿ ಪರ್ಲೀ ಎಸ್ಟಿಲ್‌ನನ್ನು ಕಂಡದ್ದೇ ಹಬ್ಬವೇ ಬಂದಂತೆ ಓಡಿದಳು. ಒಂದು ತಟ್ಟೆ ತಂದು, ಲಂಗದಿಂದ ಒರೆಸಿ, ಮೇಜಿನ ಮೇಲಿಟ್ಟು, ಅವನಿಗೆ ಕುರ್ಚಿ ಎಳೆದಳು. ಎಸ್ಟಿಲ್ ಕೂರಲಿಲ್ಲ. ಆರ್ಡೆಲಾ ಪೈ ಮೇಲಿನ ಬಟ್ಟೆ ಸರಿಸಿ, ದೊಡ್ಡದೊಂದು ತುಂಡನ್ನು ತಟ್ಟೆಗೆ ಹಾಕಿದಳು.

“ಬಾ ಕಂದಾ, ಇವತ್ತು ನೀನು ಮೊದ್ಲು.”

ಪರ್ಲೀ ಚಿಕ್ಕಪ್ಪನ ಮುಖ ನೋಡಿದಳು. ಖಾಲಿ ಕುರ್ಚಿಯ ಹಿಂದೆ ಹೋಗಿ ಕೈ ಕಟ್ಟಿ ನಿಂತಳು. ಕಣ್ಣನ್ನು ಪೈಯಿಂದ ಕೀಳದೆ ಹೇಳಿದಳು:

“ನಮ್ಮದಾಯ್ತು.”